ಐದನೇ ಫ್ರೆಟ್ಟಿನ ಝರಝರ

ಬೇಸ್ ಗಿಟಾರನ್ನು ನಾನು ಅದುವರೆಗೆ ಮುಟ್ಟಿದವನೇ ಅಲ್ಲ. ಮದುವೆಯ ಆರ್ಕೆಸ್ಟ್ರಾದಲ್ಲಿ ಡ್ರಮ್ಮಿನ ಪಕ್ಕ, ವೇದಿಕೆಯ ಹಿಂಭಾಗದಲ್ಲಿ ಒಬ್ಬ ಸುಮ್ಮನೆ ನಿಂತಿರುತ್ತಾನಲ್ಲ, ಅವನ ಕೊರಳಲ್ಲಿ ಅದು ನೇತಾಡುವುದನ್ನು ನೋಡಿದ್ದೆ, ಅಷ್ಟೆ. ನನ್ನದು ಬೆಟಗೇರಿಯಲ್ಲಿ ಹಾರ್ಮೋನಿಯಂ, ತಂಬೂರಿ ರಿಪೇರಿಯ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಒಂದು ಚಾಪೆ, ಗೋಡೆಗೆ ಒರಗಿಸಿದ ನಾಲ್ಕಾರು ಪೆಟ್ಟಿಗೆಗಳು. ಮಾರ್ಚ್ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಮುಂಡರಗಿಯ ಬಸ್ಸಿಳಿದು ಬಂದ ಒಬ್ಬಾತ, ಕಪ್ಪು ಚೀಲದಿಂದ ನಾಲ್ಕು ತಂತಿಯ ಆ ವಾದ್ಯವನ್ನು ತೆಗೆದು ನನ್ನ ಚಾಪೆಯ ಮೇಲೆ ಮಲಗಿಸಿದ. ಇದು ನನ್ನ ಕೆಲಸವಲ್ಲ ಎನ್ನಲು ಬಾಯಿ ತೆರೆದೆ. ಆತ ಬಿಡಲಿಲ್ಲ.

“ಮಾಸ್ತರ, ಎಲ್ಲಾ ಕಡೆ ತಿರಗಿ ಬಂದೇನ್ರಿ. ದಪ್ಪ ತಂತಿ ಹೊಡದ್ರ ಝರ್ ಝರ್ ಅಂತೈತಿ. ಹುಬ್ಬಳ್ಳ್ಯಾಗ ಒಂದು ತಿಂಗಳ ಬಿಟ್ಟು ಹೋಗು ಅಂದ್ರು. ನನಗ ರವಿವಾರದ ಮಟ ಅಷ್ಟ ಟೈಮ್ ಐತ್ರಿ.”

ವಯಸ್ಸು ನಲವತ್ತರ ಮೇಲಿತ್ತು. ಹಗಲು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ, ಉಳಿದಂತೆ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವುದು. ಆ ತಂಡದವರು ಹುಬ್ಬಳ್ಳಿಯಲ್ಲಿ ರೆಕಾರ್ಡಿಂಗ್ ಮಾಡಿಸುವವರಿದ್ದರು. ಮೈಕಿನಲ್ಲಿ ಈ ಝರಝರ ಎದ್ದು ಕೇಳುತ್ತದೆ ಎಂದು ಅಲ್ಲಿಯವರು ಹೇಳಿದ್ದರಂತೆ. ತಂಡದ ಯಜಮಾನ, ರವಿವಾರದ ತಾಲೀಮಿಗೆ ಇದು ಸರಿಯಾಗದಿದ್ದರೆ ಬೇಸ್ ಬೇಡವೇ ಬೇಡ, ಕೀಬೋರ್ಡಿನವನ ಎಡಗೈ ಖಾಲಿ ಇರುತ್ತದೆ, ಅವನೇ ನುಡಿಸಲಿ ಎಂದಿದ್ದ.

“ಹದಿನೇಳು ವರ್ಷ ಹಿಂದ ನಿಂತೇನ್ರಿ ನಾ,” ಎಂದ. “ಈಗ ಹಿಂದನೂ ಜಾಗಾ ಇಲ್ಲ ಅಂತಾರ.”

“ನನ್ನ ಕಡೆ ಯಾರ ಕಳಿಸಿದ್ರು ನಿನ್ನ?”

“ಗದಗಿನ್ಯಾಗ ಯಾರ್ನ ಕೇಳಿದ್ರೂ ನಿಮ್ಮ ಹೆಸರ ಹೇಳ್ತಾರ್ರಿ. ಬೆಟಗೇರಿ ಮಾಸ್ತರ ಕಿವಿ ಅಂದ್ರ ಕಿವಿ ಅಂತಾರ.”

ಅಲ್ಲೇ ನಾನು ಕೆಟ್ಟೆ. ಹೊಗಳಿದರೆ ಉಬ್ಬುವುದು ನನ್ನ ಹಳೆಯ ರೋಗ. ಬಾರಿಸು ನೋಡೋಣ ಎಂದೆ. ಆತ ಊಟದ ಡಬ್ಬಿಯಷ್ಟಿದ್ದ ಒಂದು ಸ್ಪೀಕರಿಗೆ ವೈರು ಸಿಕ್ಕಿಸಿ, ಕತ್ತಿನುದ್ದಕ್ಕೂ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳಲ್ಲಿ, ಅವಕ್ಕೆ ಫ್ರೆಟ್ಟು ಎನ್ನುತ್ತಾರೆ, ಐದನೆಯದರ ಬಳಿ ದಪ್ಪ ತಂತಿಯನ್ನು ಒತ್ತಿ ಮೀಟಿದ. ಹೊಟ್ಟೆಯೊಳಗೆ ಇಳಿಯುವಂಥ ಮಂದ್ರ ಸ್ವರ. ತುಂಬ ದಿನಗಳ ಮೇಲೆ ಒಂದು ಸ್ವರ ನನಗೆ ಪೂರ್ತಿಯಾಗಿ ಕೇಳಿಸಿತು. ಅದರ ಮೇಲೆ ಯಾವ ಝರಝರವೂ ಇರಲಿಲ್ಲ.

“ಕೇಳಿದ್ರೇನ್ರಿ?” ಎಂದ.

“ಹ್ಞೂಂ. ಕೇಳ್ತೈತಿ,” ಎಂದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋದರೆ ಈ ಕಥನವೇ ಸುಳ್ಳಾಗುತ್ತದೆ. ನನ್ನದೆಂದು ಊರು ಹೊಗಳುವ ಆ ಕಿವಿ ನನ್ನದಲ್ಲ, ನನ್ನ ಅಕ್ಕನದು. ಗಂಡ ತೀರಿದ ಮೇಲೆ ಚಿಕ್ಕ ಮಗಳನ್ನು ಕಟ್ಟಿಕೊಂಡು ಅಕ್ಕ ತವರಿಗೆ ಬಂದಳು. ನಾನು ಮದುವೆಯಾಗಲಿಲ್ಲ. ಇಬ್ಬರೂ ಸೇರಿ ಮೂವತ್ತು ವರ್ಷ ಈ ಅಂಗಡಿ ನಡೆಸಿದೆವು, ಆದರೆ ಗಿರಾಕಿಗಳು ಕಂಡಿದ್ದು ನನ್ನೊಬ್ಬನನ್ನೇ. ತಂಬೂರಿಯ ತಂತಿ ಕುದುರೆ ಎಂಬ ಚಿಕ್ಕ ಪೀಠದ ಮೇಲೆ ಕೂರುವಲ್ಲಿ ಒಂದು ನೂಲಿನೆಳೆ ಸಿಕ್ಕಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ಒಂದು ಜಾಗದಲ್ಲಿ ತಂತಿ ಝೇಂಕರಿಸಲು ಶುರುವಾಗುತ್ತದೆ. ಅದಕ್ಕೆ ಜವಾರಿ ಎನ್ನುತ್ತೇವೆ. ನಾನು ಎಳೆ ಸರಿಸುತ್ತಿದ್ದೆ. ಅಕ್ಕ ನಡುಮನೆಯ ಬಾಗಿಲ ಹಿಂದೆ ಕೂತು ಜೋಳ ಹಸನು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಚೌಕಟ್ಟಿನ ಮೇಲೆ ಬೆರಳ ಗಿಣ್ಣಿನಿಂದ ಒಮ್ಮೆ ಬಡಿದರೆ ಇನ್ನೂ ಬಂದಿಲ್ಲ. ಎರಡು ಸಲ ಬಡಿದರೆ ಬಂತು, ಬಿಡು. ನಾನು ಕಣ್ಣು ಮುಚ್ಚಿ, ತಲೆ ವಾಲಿಸಿ ದೊಡ್ಡ ಪಂಡಿತನ ಹಾಗೆ ಕೂತಿರುತ್ತಿದ್ದೆ. ಒಳಗಿನ ಸದ್ದನ್ನು ಗಿರಾಕಿಗಳು ಅಡುಗೆಮನೆಯ ಸದ್ದು ಎಂದುಕೊಳ್ಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಗದಗಿನ ಒಬ್ಬ ಸಂಗೀತ ಶಿಕ್ಷಕರ ತಂಬೂರಿ ಬಂದಿತ್ತು. ಅಕ್ಕ ಒಮ್ಮೆ ಬಡಿದಳು, ಮತ್ತೆ ಒಮ್ಮೆ, ಮತ್ತೆ ಒಮ್ಮೆ. ನನಗೆ ತಾಳ್ಮೆ ಕೆಟ್ಟಿತು. “ಆತ್ರಿ, ಒಯ್ರಿ,” ಎಂದು ಶಿಕ್ಷಕರ ಕೈಗೆ ಕೊಟ್ಟೆ. ಆಗ ಅಕ್ಕ, ಜೀವಮಾನದಲ್ಲಿ ಮೊದಲ ಸಲ, ಗಿರಾಕಿಯ ಎದುರಿಗೆ ಬಂದು ನಿಂತಳು. “ಇಲ್ರೀ, ಇನ್ನೂ ಬಂದಿಲ್ಲ. ತಮ್ಮಾ, ನಿನಗ ಕೇಳ್ಸಾಕತ್ತಿಲ್ಲ,” ಎಂದಳು. ನಾನೇನು ಹೇಳಿದೆ ಗೊತ್ತೆ? “ನಿನಗೇನ್ ತಿಳೀತೈತಿ? ಒಳಗ ಹೋಗಿ ಒಲಿ ನೋಡ್ಹೋಗು.” ಎಂಟು ದಿನದಲ್ಲಿ ಅಕ್ಕ ಲಕ್ಷ್ಮೇಶ್ವರದಲ್ಲಿದ್ದ ಮಗಳ ಮನೆಗೆ ಹೋದಳು. ತಿಂಗಳೊಪ್ಪತ್ತಿನಲ್ಲಿ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ, ನಾನು ಕರೆಯಲೂ ಇಲ್ಲ.

ಅಂದಿನಿಂದ ತಂಬೂರಿ ಬಂದರೆ ಏನಾದರೊಂದು ನೆಪ ಹೇಳಿ ಕಳಿಸುತ್ತೇನೆ. ಹಾರ್ಮೋನಿಯಂ ಶ್ರುತಿಗೆ ಮೊಬೈಲಿನಲ್ಲಿ ಮುಳ್ಳು ತೋರಿಸುವ ಸೌಕರ್ಯವಿದೆ, ಕಣ್ಣಿದ್ದರೆ ಸಾಕು. ಕುಕ್ಕರಿನ ಸೀಟಿ ಕೇಳಿಸದೆ ಎರಡು ಸಲ ಅನ್ನ ಸೀದಿತ್ತು. ಕುಕ್ಕರನ್ನೇ ಬೈದು ಹೊಸದು ತಂದೆ.

ಗಿಟಾರಿಗೆ ಬರುತ್ತೇನೆ. ಆತನನ್ನು ಬುಧವಾರ ಬಾ ಎಂದು ಕಳಿಸಿ ಕೆಲಸಕ್ಕೆ ಕೂತೆ. ಮೊದಲು ಮೊಬೈಲಿನ ಮುಳ್ಳು ನೋಡಿ ನಾಲ್ಕೂ ತಂತಿಗಳನ್ನು ಶ್ರುತಿಗೆ ತಂದೆ. ತಂತಿ ಸಡಿಲಿದ್ದಾಗ ಕತ್ತಿನ ಬಾಗು ಬೇರೆ, ಬಿಗಿದಾಗ ಬೇರೆ. ಆಮೇಲೆ ವಾದ್ಯವನ್ನು ಎತ್ತಿ ಹಿಡಿದು, ಬಡಿಗೇರರು ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆ. ನಡುವೆ ತುಸು ಉಬ್ಬಿದ ಹಾಗಿತ್ತು. ದಪ್ಪ ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿದರೆ, ನಡುವೆ ಏಳನೆಯದರ ಮೇಲೆ ಕಾಗದದಷ್ಟು ಸಂದಿಯಾದರೂ ಉಳಿಯಬೇಕು. ಅಳೆಯಲು ನನ್ನ ಬಳಿ ಸಾಧನವಿಲ್ಲ. ಪಕ್ಕದ ಮನೆಯ ಮಗ್ಗದಿಂದ ಸೀರೆಯ ರೇಷ್ಮೆ ಎಳೆ ಇಸಿದುಕೊಂಡು ಬಂದು ಸಂದಿಯಲ್ಲಿ ತೂರಿಸಿ ನೋಡಿದೆ. ಒಂಟಿ ಎಳೆ ಕೂಡ ಹೋಗಲಿಲ್ಲ.

ಕಾರಣ ಸ್ಪಷ್ಟವಿತ್ತು. ನಮ್ಮ ಕಡೆ ಮಾರ್ಚಿನಲ್ಲಿ ಬೀಸುವ ಒಣ ಗಾಳಿಗೆ ತುಟಿ ಒಡೆಯುತ್ತವೆ, ಬಾಗಿಲ ಹಲಗೆಗಳು ಬಿರಿಯುತ್ತವೆ. ಗಿಟಾರಿನ ಕತ್ತೂ ಒಣಗಿ ಹಿಂದಕ್ಕೆ ಬಾಗಿ, ತಂತಿ ಫ್ರೆಟ್ಟುಗಳಿಗೆ ತಾಗುತ್ತಿತ್ತು. ಕತ್ತಿನೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳಿರುತ್ತದೆ. ಅದರ ತುದಿಯ ನಟ್ಟನ್ನು ಸಡಿಲಿಸಿದರೆ ತಂತಿಗಳ ಎಳೆತಕ್ಕೆ ಕತ್ತು ಮುಂದಕ್ಕೆ ಬರುತ್ತದೆ. ಸ್ಕೂಟರ್ ಗ್ಯಾರೇಜಿನಿಂದ ಅಲನ್ ಕೀ ತಂದು, ಎಲ್ಲಿತ್ತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ, ಕಾಲು ಸುತ್ತು ಸಡಿಲಿಸಿದೆ. ಮರಕ್ಕೆ ಅವಸರ ಮಾಡಬಾರದು. ಒಂದು ದಿನ ಹಾಗೇ ಬಿಟ್ಟೆ. ಮಂಗಳವಾರ ಮಧ್ಯಾಹ್ನ ಎರಡೆಳೆ ಹೋಯಿತು. ಇನ್ನೊಂದಿಷ್ಟು ಸಡಿಲಿಸಿದ ಮೇಲೆ ಬುಧವಾರ ಬೆಳಿಗ್ಗೆ ನಾಲ್ಕೆಳೆ ಹುರಿ ಮಾಡಿದ್ದು ಸಲೀಸಾಗಿ ದಾಟಿತು. ಕೆಳಗೆ ತಂತಿಯನ್ನು ಹೊತ್ತ ಕಬ್ಬಿಣದ ತುಂಡನ್ನೂ ಅರ್ಧ ಸುತ್ತು ಎತ್ತರಿಸಿದೆ. ಕಣ್ಣಿಗೆ ಕಾಣುವ ಕೆಲಸವೆಲ್ಲ ಅಚ್ಚುಕಟ್ಟಾಗಿ ಆಗಿತ್ತು, ನನಗೆ ನನ್ನ ಮೇಲೆಯೇ ಮೆಚ್ಚಿಗೆಯಾಯಿತು.

ಬುಧವಾರ ಆತ ಅರ್ಧ ದಿನದ ರಜೆ ಹಾಕಿ ಬಂದ. ಮೊದಲನೇ ಫ್ರೆಟ್ಟಿನಿಂದ ಒಂದೊಂದೇ ಒತ್ತಿ ಮೀಟುತ್ತ ಬಂದು ಮುಖ ಅರಳಿಸಿದ. “ಭಾಳ ಕಡಿಮಿ ಆಗೇತ್ರಿ ಮಾಸ್ತರ!” ಐದನೆಯದಕ್ಕೆ ಬಂದ. ಮುಖ ಇಳಿಯಿತು. ಮತ್ತೆ ಮೀಟಿದ.

“ಇಲ್ಲಿ ಇನ್ನೂ ಐತ್ರಿ.”

“ಎಲ್ಲಿ ಐತಿ?”

“ಇಲ್ಲೇ. ಸ್ವರದ ಹಿಂದ ಝರ್ ಅಂತೈತಲ್ರಿ. ಕೇಳ್ರಿ.”

ಕೇಳಿದೆ. ಮಂದ್ರ ಸ್ವರ ಬಂದು, ನಿಂತು, ಕರಗಿತು. ಅದರ ಹಿಂದೆ ಏನೂ ಇಲ್ಲ. ನನಗೆ ರೇಗಿತು. “ನಿನ್ನ ಬಟ್ಟು ಸರಿ ಇಲ್ಲ. ಫ್ರೆಟ್ಟಿಗೆ ಹತ್ತಿ ಒತ್ತಬೇಕು. ಹದಿನೇಳು ವರ್ಷ ಏನ್ ಕಲ್ತಿ ನೀ?” ಎಂದುಬಿಟ್ಟೆ. ಆತ ಬೆರಳು ಸರಿಸಿ ಒತ್ತಿ ಮತ್ತೆ ಮೀಟಿದ, ತಲೆ ಅಲ್ಲಾಡಿಸಿದ. “ನೋಡ್ರಿ ಮಾಸ್ತರ, ನಿಮ್ಮ ಮ್ಯಾಲ ಬಿಟ್ಟೇನಿ,” ಎಂದು ವಾದ್ಯ, ಸ್ಪೀಕರು ಎರಡನ್ನೂ ಬಿಟ್ಟು ಬಸ್ಸಿಗೆ ಹೋದ. ಬೈದಿದ್ದಕ್ಕೆ ತಿರುಗಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ನಾನು ತಂಬೂರಿಯವ. ಝೇಂಕಾರ ಬೇಕು ಎಂದು ಮೂವತ್ತು ವರ್ಷ ತಿಣುಕಿದ ಕಿವಿಗೆ ಅದೇ ಝೇಂಕಾರ ದೋಷವಾಗಿ ಹೇಗೆ ಕೇಳಿಸೀತು? ನನಗೆ ಕೇಳಿಸದಿರುವುದು ಅಭ್ಯಾಸದಿಂದ, ಕಿವಿಯಿಂದಲ್ಲ. ಈ ವಾದ ಎಷ್ಟು ಚೆನ್ನಾಗಿತ್ತೆಂದರೆ ಅವತ್ತು ಮಧ್ಯಾಹ್ನ ನೆಮ್ಮದಿಯಾಗಿ ಊಟ ಮಾಡಿದೆ.

ಊಟವಾದ ಮೇಲೆ ತಂಬೂರಿಯವನೇ ಮಾಡಬಹುದಾದ ತಪ್ಪು ಮಾಡಿದೆ. ತಂಬೂರಿಯಲ್ಲಿ ನಾದದ ಗುಟ್ಟೆಲ್ಲ ತಂತಿ ಕೂರುವ ಜಾಗದಲ್ಲಿರುತ್ತದೆ. ನಾದ ಕೆಟ್ಟರೆ ಕೈ ಅಲ್ಲಿಗೇ ಹೋಗುತ್ತದೆ. ಈ ಗಿಟಾರಿನ ಕತ್ತಿನ ತಲೆಯಲ್ಲಿ ತಂತಿಗಳು ಹಾಯ್ದು ಹೋಗಲು ಒಂದು ಬಿಳಿ ಪಟ್ಟಿ, ಅದರಲ್ಲಿ ನಾಲ್ಕು ಕಚ್ಚುಗಳಿವೆ. ದಪ್ಪ ತಂತಿಯ ಕಚ್ಚು ಸ್ವಲ್ಪ ಒರಟಾಗಿ ಕಂಡಿತು. ಸಣ್ಣ ಅರ ತೆಗೆದುಕೊಂಡು, ತಂಬೂರಿಯ ಕುದುರೆಗೆ ಕೊಡುವ ಇಳಿಜಾರನ್ನೇ ಅದಕ್ಕೂ ಕೊಟ್ಟೆ. ತಂತಿ ಏರಿಸಿ, ಎಲ್ಲೂ ಒತ್ತದೆ ಬಿಡಿಯಾಗಿ ಮೀಟಿದರೆ, ಅದು ಮೊದಲನೇ ಫ್ರೆಟ್ಟಿಗೆ ಪಟಪಟ ಬಡಿಯುವುದು ನನ್ನ ಕಣ್ಣಿಗೇ ಕಂಡಿತು. ಕಚ್ಚು ಆಳವಾಗಿ ತಂತಿ ಕೆಳಗಿಳಿದಿತ್ತು. ಅದಕ್ಕಿಂತ ನಾಚಿಕೆಯ ಮಾತು ಆಮೇಲೆ ಹೊಳೆಯಿತು. ಐದನೇ ಫ್ರೆಟ್ಟಿನಲ್ಲಿ ಒತ್ತಿದ ಮೇಲೆ ಮೀಟಿದ ತಂತಿಗೂ ಆ ಬಿಳಿ ಪಟ್ಟಿಗೂ ಸಂಬಂಧವೇ ಉಳಿಯುವುದಿಲ್ಲ. ಆತನ ದೋಷ ಹಾಗೇ ಇತ್ತು, ಅದರ ಜೊತೆ ನನ್ನದೊಂದು ಸೇರಿತು.

ಗುರುವಾರ ಪೂರ್ತಿ ನನ್ನ ತಪ್ಪನ್ನು ತಿದ್ದುವುದಕ್ಕೇ ಹೋಯಿತು. ಹಳೆಯ ಹಾರ್ಮೋನಿಯಂ ಒಂದರ ಮೂಳೆಯ ಮನೆ, ಬೆರಳಿಟ್ಟು ಒತ್ತುವ ಪಟ್ಟಿ, ಒಂದಿತ್ತು. ಅದನ್ನು ಉಜ್ಜಿ ಪುಡಿ ಮಾಡಿ, ಕಚ್ಚಿನಲ್ಲಿ ತುಂಬಿ, ಬೇಗ ಹಿಡಿಯುವ ಅಂಟಿನ ಎರಡು ಹನಿ ಬಿಟ್ಟೆ. ಗಟ್ಟಿಯಾದ ಮೇಲೆ ಮತ್ತೆ ಅರದಿಂದ ನಾಲ್ಕು ಸಲ ಎಳೆಯುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಎರಡು ಸಲ ಎಳೆಯುವುದು. ಸಂಜೆಯ ಹೊತ್ತಿಗೆ ಬಿಡಿ ತಂತಿ ಮೊದಲಿನಂತಾಯಿತು.

ಶುಕ್ರವಾರ ಫ್ರೆಟ್ಟುಗಳನ್ನು ಹಿಡಿದೆ. ಉಕ್ಕಿನ ಪಟ್ಟಿಯ ಚಿಕ್ಕ ತುಂಡನ್ನು ಮೂರು ಮೂರು ಫ್ರೆಟ್ಟುಗಳ ಮೇಲೆ ಅಡ್ಡಲಾಗಿ ಇಟ್ಟು ಅಲುಗಾಡಿಸಿದರೆ, ನಡುವಿನದು ಎತ್ತರವಿದ್ದಲ್ಲಿ ಪಟ್ಟಿ ತೂಗುತ್ತದೆ. ಎಲ್ಲೂ ತೂಗಲಿಲ್ಲ. ಐದನೆಯದನ್ನು ಒತ್ತಿ ಹಿಡಿದು, ಆರರಿಂದ ಕೊನೆಯವರೆಗೆ ಪ್ರತಿ ಫ್ರೆಟ್ಟಿನ ಮೇಲೂ ಒಂದೊಂದು ಕಾಗದದ ಚೂರು ಇಟ್ಟು ಮೀಟಿದೆ. ತಂತಿ ತಾಗಿದರೆ ಕಾಗದ ನಡುಗಬೇಕು. ಒಂದೂ ನಡುಗಲಿಲ್ಲ. ಕಣ್ಣು ಮಾಡುವ ಕೆಲಸವೆಲ್ಲ ಅಲ್ಲಿಗೆ ಮುಗಿದಿತ್ತು. ಉಳಿದಿದ್ದು ಕೇಳುವ ಕೆಲಸ ಒಂದೇ.

ಮಧ್ಯಾಹ್ನ ಆತನ ಫೋನು ಬಂತು. “ಆತೇನ್ರಿ ಮಾಸ್ತರ?”

“ಆಗ್ತೈತಿ.”

“ಯಜಮಾನರು ಕೀಬೋರ್ಡಿನವಗ ಬೇಸ್ ಕಲ್ಯಾಕ ಹೇಳ್ಯಾರಂತ್ರಿ.” ಆಮೇಲೆ ಕೇಳಿದ. “ನಿಮಗ ಕೇಳ್ಸಾಕತ್ತೈತಿ ಹೌದಲ್ರಿ?”

ಫೋನು ಸರಿಯಾಗಿ ಕೇಳುತ್ತಿಲ್ಲ ಎಂದು ಹೇಳಿ ಇಟ್ಟೆ.

ಆಮೇಲೆ ತುಂಬ ಹೊತ್ತು ಚಾಪೆಯ ಮೇಲೆಯೇ ಕೂತಿದ್ದೆ. ಐದನೇ ಫ್ರೆಟ್ಟು ಒತ್ತಿ ಮೀಟಿದೆ, ಕೇಳಿದೆ, ಮೀಟಿದೆ. ಬೀದಿಯಲ್ಲಿ ಯಾರನ್ನಾದರೂ ಕರೆದು, ಬಾರಪ್ಪ, ಇಲ್ಲಿ ಝರ್ ಅನ್ನುತ್ತದೆಯೇ ನೋಡು ಎನ್ನಬಹುದಿತ್ತು. ಕರೆದರೆ ನಾಳೆ ಓಣಿಗೆಲ್ಲ ಗೊತ್ತಾಗುತ್ತದೆ. ಅಂಗಡಿಗೆ ಇರುವುದೇ ಒಂದು ಹೆಸರು, ಅದು ಕಿವಿಯ ಹೆಸರು. ನಡುಮನೆಯ ಬಾಗಿಲ ಕಡೆ ನೋಡಿದೆ. ಅಕ್ಕ ಕೂರುತ್ತಿದ್ದ ಮಣೆ ಹಾಗೇ ಗೋಡೆಗೆ ಒರಗಿತ್ತು, ನಾಲ್ಕು ವರ್ಷದಿಂದ ಅದನ್ನು ನಾನು ತೆಗೆದಿರಲಿಲ್ಲ. ಒಬ್ಬಂಟಿತನ ಅನ್ನುವುದು ಅವತ್ತು ನನಗೆ ಮೈಗೆ ತಾಗಿದಂತಾಯಿತು. ಅಕ್ಕನಿಲ್ಲದೆ ನನಗೆ ಅಡುಗೆಯ ತೊಂದರೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ. ತೊಂದರೆ ಅಡುಗೆಯದಲ್ಲ. ಬಾಗಿಲ ಹಿಂದಿನಿಂದ ಯಾರೂ ಬಡಿಯುತ್ತಿರಲಿಲ್ಲ.

ಒಂದು ಕಡೆ ನನ್ನ ಹೆಸರು, ಇನ್ನೊಂದು ಕಡೆ ಆತನ ಹದಿನೇಳು ವರ್ಷದ ಜಾಗ. ಶನಿವಾರ ಬೆಳಿಗ್ಗೆ ಗಿಟಾರನ್ನು ಹೆಗಲಿಗೆ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

“ಏನ್ರೀ ಅಜ್ಜಾರ, ಈ ವಯಸ್ಸಿನ್ಯಾಗ ಆರ್ಕೆಸ್ಟ್ರಾ ಸೇರೀರೇನು?” ಎಂದು ಕಂಡಕ್ಟರ್ ತಮಾಷೆ ಮಾಡಿದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಶಿರಹಟ್ಟಿ ಮೇಲೆ ಸುತ್ತಿ ಹೋಗುವ ಬಸ್ಸು ಅದು. ದಾರಿಯುದ್ದಕ್ಕೂ ಅಕ್ಕನ ಎದುರು ಆಡಬೇಕಾದ ಮಾತನ್ನು ಜೋಡಿಸುತ್ತ ಹೋದೆ. ಲಕ್ಷ್ಮೇಶ್ವರ ಬರುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಅಕ್ಕ ಹೊರಗಿನ ಕೋಣೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನನ್ನನ್ನು ನೋಡಿದಳು, ಹೆಗಲ ಮೇಲಿನ ಚೀಲ ನೋಡಿದಳು.

“ಬಾ ತಮ್ಮಾ. ಊಟ ಆಗೇತೇನು?”

“ಆಗೇತಿ.” ಆಗಿರಲಿಲ್ಲ. “ಅಕ್ಕಾ, ಇದನ್ನ ಒಂದಿಷ್ಟು ಕೇಳು.”

ಅಕ್ಕ ಎದ್ದು ಫ್ಯಾನ್ ಆರಿಸಿ, ಬೀದಿ ಬಾಗಿಲು ಹಾಕಿ ಬಂದಳು. ನಾನು ಐದನೇ ಫ್ರೆಟ್ಟು ಒತ್ತಿ ಮೀಟಿದೆ.

“ಇನ್ನೊಮ್ಮಿ.”

ಮೀಟಿದೆ.

“ಇದು ತಂತೀದಲ್ಲ ತಮ್ಮಾ,” ಎಂದಳು. “ತಂತಿ ಚಲೋ ಐತಿ. ಎಲ್ಲ್ಯೋ ಒಂದು ಲೋಹ ಅಳ್ಳಾಡಾಕತ್ತೈತಿ. ಬಾರಸ್ತ ಇರು, ನಿಲ್ಲಸಬ್ಯಾಡ.”

ನಾನು ಮೀಟುತ್ತಲೇ ಇದ್ದೆ. ಅಕ್ಕ ವಾದ್ಯದ ಮೈ ಮೇಲಿನ ಒಂದೊಂದೇ ಸ್ಕ್ರೂವಿನ ಮೇಲೆ ಬೆರಳಿಟ್ಟು, ತಡೆದು, ಬಿಡುತ್ತ ಬಂದಳು. ಕೆಳಗಿನ ಕಬ್ಬಿಣದ ತುಂಡುಗಳು, ಅವುಗಳ ಸ್ಪ್ರಿಂಗುಗಳು, ಗುಂಡಿಗಳು. ಅಲ್ಲಿಂದ ಕತ್ತಿನ ತಲೆಗೆ ಬಂದಳು. ದಪ್ಪ ತಂತಿಯ ಬಿರಡೆ, ಎರಡನೆಯದು, ಮೂರನೆಯದು. ಎಲ್ಲಕ್ಕಿಂತ ಸಣ್ಣ ತಂತಿಯ ಬಿರಡೆಯ ಬುಡದಲ್ಲಿರುವ ಉಂಗುರದ ಮೇಲೆ ಬೆರಳಿಟ್ಟು ನಿಂತಳು.

“ಇಲ್ಲಿ ಐತಿ ನೋಡು.”

ಒಣ ಗಾಳಿಗೆ ಮರ ಸೊರಗಿ ಆ ಉಂಗುರದ ನಟ್ಟು ಸಡಿಲಾಗಿತ್ತು. ದಪ್ಪ ತಂತಿಯ ಆ ಒಂದೇ ಸ್ವರಕ್ಕೆ, ತನ್ನದಲ್ಲದ ತಂತಿಯ ಬುಡದಲ್ಲಿ ಕೂತು, ಅದು ನಡುಗುತ್ತಿತ್ತು. ಆರು ದಿನ ನಾನು ದಪ್ಪ ತಂತಿಯನ್ನು ಬಿಟ್ಟು ಆಚೆ ನೋಡಿರಲಿಲ್ಲ. ಅಕ್ಕ ನನ್ನ ತೋರುಬೆರಳನ್ನು ಹಿಡಿದು ಉಂಗುರದ ಮೇಲಿಟ್ಟು, ತಾನೇ ತಂತಿ ಮೀಟಿದಳು. ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು.

“ಗೊತ್ತಾತೇನು?”

“ಹ್ಞೂಂ.”

ಪಾನಾ ತಂದಿದ್ದೆ. ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿದೆ, ಅಷ್ಟೇ ಕೆಲಸ. ಮತ್ತೆ ಐದನೇ ಫ್ರೆಟ್ಟು ಒತ್ತಿ ಮೀಟಿ, ಸ್ವರ ಪೂರ್ತಿ ಕರಗುವವರೆಗೂ ಕೈ ತೆಗೆಯಲಿಲ್ಲ. ಅಕ್ಕ ಪಕ್ಕದ ಬಾಗಿಲ ಚೌಕಟ್ಟಿನ ಮೇಲೆ ಬೆರಳ ಗಿಣ್ಣಿನಿಂದ ಬಡಿದಳು. ಎರಡು ಸಲ.

ಅದು ನನಗೆ ಕೇಳಿಸಿತು.

“ಹ್ವಾತು ನೋಡು,” ಎಂದಳು ಅಕ್ಕ. “ಈಗ ಕೇಳು, ಹೆಂಗ ಸ್ವಚ್ಛ ಐತಿ.”

“ನನಗ ಫರಕ ತಿಳೀವಲ್ದು ಅಕ್ಕಾ,” ಎಂದೆ. “ಮೊದಲೂ ಕೇಳ್ತಿರಲಿಲ್ಲ. ಅವತ್ತ ತಂಬೂರಿದೂ ಕೇಳಿರಲಿಲ್ಲ.”

ಅಕ್ಕ ಶೇಂಗಾದ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಎರಡು ಕಾಯಿ ಸುಲಿದಳು.

“ನನಗ ಅವತ್ತ ಗೊತ್ತಿತ್ತು,” ಎಂದಳು. “ಕೇಳ್ಸದ ಇರೂದು ತಪ್ಪಲ್ಲ ತಮ್ಮಾ. ಒಳಗ ಹೋಗು ಅಂದಿ ನೋಡು, ಅದು.”

“ತಪ್ಪಾತು.”

“ಹ್ಞೂಂ.”

“ವಾಪಸ್ ಬಾ ಅಕ್ಕಾ.”

“ಒಲ್ಲೆ. ನಾ ಇಲ್ಲೇ ಚಲೋ ಅದೀನಿ. ಇಲ್ಲಿ ನಾ ಹೊರಗಿನ ಖೋಲ್ಯಾಗ ಕುಂಡ್ರತೀನಿ.” ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಆಮೇಲೆ ನನಗೆ ರೊಟ್ಟಿ ಬಡಿದು ಹಾಕಿದಳು. ಊಟವಾಗಿಲ್ಲ ಎಂದು ಆಕೆಗೆ ಹೇಗೋ ಗೊತ್ತಾಗಿತ್ತು. ಹೊರಡುವಾಗ, ತಂಬೂರಿ ಬಂದರೆ ತೆಗೆದುಕೊಂಡು ಬಾ, ಬಸ್ಸು ಇವೆಯಲ್ಲ ಎಂದಳು. ಬೆಟಗೇರಿಗೆ ಬಂದು ಬಾಗಿಲು ತೆಗೆದಾಗ ಮನೆ ಎಂದಿನಂತೆಯೇ ಖಾಲಿಯಿತ್ತು.

ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಆತ ಬಂದ. ಕೂತು ಸ್ಪೀಕರಿಗೆ ವೈರು ಸಿಕ್ಕಿಸಿದ. ಮೊದಲನೆಯದು, ಎರಡನೆಯದು, ಮೂರು, ನಾಲ್ಕು. ಐದಕ್ಕೆ ಬಂದು ಉಸಿರು ಹಿಡಿದು ಮೀಟಿದ. ಕಿವಿಯಿಂದ ನನಗೇನೂ ತಿಳಿಯುವಂತಿರಲಿಲ್ಲ, ಆತನ ಮುಖವನ್ನೇ ನೋಡುತ್ತಿದ್ದೆ. ಆತನ ಕಣ್ಣು ತುಂಬಿದವು. ಮತ್ತೆ ಮೀಟಿದ, ಮತ್ತೆ ಮೀಟಿದ.

“ಮಾಸ್ತರ, ಇವತ್ತ ಅವರ ಮುಂದ ನಿಂತು ಬಾರಸ್ತೀನ್ರಿ. ಸುಳ್ಳ ಹೇಳೂದಿಲ್ಲ ಮಂದಿ. ನಿಮ್ಮ ಕಿವಿ ಅಂದ್ರ ಕಿವಿ.”

ಸುಮ್ಮನೆ ತಲೆಯಾಡಿಸಿ ಕಳಿಸಬಹುದಿತ್ತು. ಮೂವತ್ತು ವರ್ಷ ಮಾಡಿದ್ದು ಅದನ್ನೇ.

“ನನಗ ಕಿವಿ ಮಂದ ಆಗ್ಯಾವಪಾ,” ಎಂದೆ. “ನೀ ಹೇಳಿದ ಝರಝರ ನನಗ ಒಂದ್ ದಿನಾನೂ ಕೇಳಿಲ್ಲ. ನಿನ್ನ ಬಟ್ಟು ಸರಿ ಇಲ್ಲ ಅಂದೆ ನೋಡು, ಅದೂ ಸುಳ್ಳು. ಲಕ್ಷ್ಮೇಶ್ವರಕ್ಕ ಒಯ್ದಿದ್ದೆ. ಹುಡುಕಿದಾಕಿ ನಮ್ಮ ಅಕ್ಕ. ಊರ ಮಂದಿ ಹೊಗಳೋ ಕಿವಿ ಆಕೀದು, ಮೊದಲಿಂದಾನೂ ಆಕೀದು.”

ಆತ ನನ್ನನ್ನು ನೋಡಿದ. ಅವನ ಕಣ್ಣು ನಡುಮನೆಯ ಬಾಗಿಲ ಕಡೆ ಹೋಗಿ, ಒರಗಿಸಿಟ್ಟ ಮಣೆಯ ಮೇಲೆ ನಿಂತು, ಹಿಂದಕ್ಕೆ ಬಂತು. ವಾದ್ಯವನ್ನು ಚೀಲದಲ್ಲಿಟ್ಟು ಜಿಪ್ಪು ಎಳೆದು ಹೆಗಲಿಗೇರಿಸಿದ. ಹೊಸ್ತಿಲ ತನಕ ಹೋಗಿ ತಿರುಗಿ ನಿಂತ.

“ಅಕ್ಕಾರ ಹೆಸರ ಏನ್ರಿ?”

ಮೂವತ್ತು ವರ್ಷದಲ್ಲಿ ಈ ಅಂಗಡಿಯ ಹೊಸ್ತಿಲ ಮೇಲೆ ನಿಂತು ಯಾರೂ ಅದನ್ನು ಕೇಳಿರಲಿಲ್ಲ. ಹೇಳಿದೆ. ಒಮ್ಮೆ ಹೇಳಿದ್ದು ಸಾಲದೆನಿಸಿ, ಓಣಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.